‘ಮನೆಗೆ ಕರ್ಕೊಂಡೋಗಿ’ ಅಂದ ಮೇಲೆ

ಮಳವಳ್ಳಿ ಸೀಮೆಯ ನಮ್ಮ ದೊಡ್ಡಪ್ಪನ ಮನೆಯಲ್ಲಿ ಆ ಮಾಗಿಯ ರಾತ್ರಿಗಳಲ್ಲಿ ಯಾರೂ ಸರಿಯಾಗಿ ಮಲಗುತ್ತಿರಲಿಲ್ಲ. ಬೆನ್ನು ಚಾಪೆಗೆ ತಾಗಿದರೆ ಸಾಕು, ದೊಡ್ಡಪ್ಪನಿಗೆ ಉಸಿರು ಕಟ್ಟುತ್ತಿತ್ತು. ಪಡಸಾಲೆಯ ಕಂಬದ ಬುಡದಲ್ಲಿ ಒಂದು ರಾಗಿ ಮೂಟೆ, ಅದರ ಮೇಲೆ ಎರಡು ದಿಂಬು, ದಿಂಬಿನ ಮೇಲೆ ಮಡಿಸಿದ ಕರಿಕಂಬಳಿ. ಅದಕ್ಕೆ ಎದೆ ಕೊಟ್ಟು, ಮುಂದಕ್ಕೆ ಬಾಗಿ, ಕೂತೇ ಬೆಳಗು ಮಾಡುತ್ತಿದ್ದರು. ಪಕ್ಕದಲ್ಲಿ ದೊಡ್ಡವ್ವ ಬೀಸಣಿಗೆ ಹಿಡಿದು ಮುಖಕ್ಕೆ ಗಾಳಿ ಹಾಕುತ್ತಿದ್ದರು. ಕೈ ಸೋತು ಒಂದು ಗಳಿಗೆ ನಿಂತರೆ ದೊಡ್ಡಪ್ಪ ಕಣ್ಣು ಬಿಡದೆಯೇ ‘ಬೀಸಮ್ಮಿ’ ಅನ್ನುತ್ತಿದ್ದರು. ಮತ್ತೆ ಬೀಸಣಿಗೆಯ ಸದ್ದು.

ಅದಕ್ಕೆ ಹದಿನೈದು ದಿನ ಮುಂಚೆ ದೂರದ ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಡಾಕ್ಟರು ನಮ್ಮಣ್ಣನನ್ನು ಪಕ್ಕಕ್ಕೆ ಕರೆದು ಎರಡೇ ಮಾತು ಹೇಳಿ ಕಳಿಸಿದ್ದರು. ‘ನಾಲ್ಕನೇ ಸ್ಟೇಜು, ಇನ್ನೇನೂ ಮಾಡೋಕಾಗಲ್ಲ. ಮನೆಗೆ ಕರ್ಕೊಂಡೋಗಿ, ಕೇಳಿದ್ದು ತಿನ್ನಿಸಿ.’ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಯಾವ ಹಳ್ಳಿಗೆ ಹೋದರೂ ಈ ಮಾತನ್ನು ಕೇಳಿಸಿಕೊಂಡು ವಾಪಸು ಬಂದ ಮನೆ ಒಂದಾದರೂ ಸಿಗುತ್ತದೆ. ಊರಿನವರು ಅದನ್ನು ಇನ್ನೂ ಚಿಕ್ಕದು ಮಾಡಿ ಹೇಳುತ್ತಾರೆ: ‘ಡಾಕ್ಟ್ರು ಕೈ ಬುಟ್ರು.’

ಡಾಕ್ಟರು ಹೇಳಿದ್ದರಲ್ಲಿ ಅರ್ಧ ನಿಜ. ಕಾಯಿಲೆಯನ್ನು ಬುಡಸಮೇತ ಕೀಳಲು ಆಗುವುದಿಲ್ಲ ಎಂಬುದು ನಿಜ. ‘ಇನ್ನೇನೂ ಮಾಡೋಕಾಗಲ್ಲ’ ಎಂಬುದು ಸುಳ್ಳು. ಆ ರಾತ್ರಿ ಪಡಸಾಲೆಯಲ್ಲಿ ಕೂತಿದ್ದ ನಮಗೆ ಅದು ಸುಳ್ಳೆಂದು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ದೊಡ್ಡಪ್ಪನಿಗೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು. ಈ ಲೇಖನ ಬರೆಯಲು ಅದೇ ಕಾರಣ.

ದೊಡ್ಡಪ್ಪನಿಗೆ ಬಂದಿದ್ದ ಶ್ವಾಸಕೋಶದ ಕ್ಯಾನ್ಸರ್ ಕಳ್ಳನ ಹಾಗೆ ಬರುತ್ತದೆ. ಶ್ವಾಸಕೋಶದ ಒಳಗಿನ ಮಾಂಸಕ್ಕೆ ನೋವಿನ ನರಗಳಿಲ್ಲ. ಗಂಟು ಬೆಳೆದು ಹೊರಗಿನ ಪೊರೆಯನ್ನೋ ಪಕ್ಕೆಲುಬನ್ನೋ ಮುಟ್ಟುವವರೆಗೆ ನೋಯುವುದೇ ಇಲ್ಲ. ಇರುವುದು ಕೆಮ್ಮು ಒಂದೇ. ನಮ್ಮ ಕಡೆ ಕೆಮ್ಮಿಗೆ ಕಾರಣ ಹುಡುಕಬೇಕಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆ ಕೆಳಗೆ ರಚ್ಚು ಉರಿಯುವ ಹೊಗೆ, ಸೌದೆ ಒಲೆಯ ಹೊಗೆ, ಬೀಡಿ ಹೊಗೆ, ಮಾಗಿಯ ಇಬ್ಬನಿ. ಎರಡು ತಿಂಗಳು ಕೆಮ್ಮಿದವನನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ಆಮೇಲೆ ಕಫದಲ್ಲಿ ರಕ್ತದ ಗೆರೆ ಕಂಡಾಗ ಮೊದಲು ನೆನಪಾಗುವುದು ಕ್ಷಯ. ದೊಡ್ಡಪ್ಪನ ಕಫದಲ್ಲಿ ಕ್ಷಯದ ಕ್ರಿಮಿ ಸಿಕ್ಕಿರಲಿಲ್ಲ. ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಇತ್ತು, ಅಷ್ಟಕ್ಕೇ ಐದು ತಿಂಗಳು ಕ್ಷಯದ ಮಾತ್ರೆ ನುಂಗಿದರು. ಇದು ನಮ್ಮ ಮನೆಯೊಂದರ ಕಥೆಯಲ್ಲ. ಕ್ಷಯ ಹೆಚ್ಚಿರುವ ನಮ್ಮ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳು ಹೀಗೆ ತಿಂಗಳುಗಟ್ಟಲೆ ದಾರಿ ತಪ್ಪುವುದನ್ನು ವೈದ್ಯರೇ ಮತ್ತೆ ಮತ್ತೆ ಬರೆದಿದ್ದಾರೆ. ಬಹುಪಾಲು ಜನ ಸರಿಯಾದ ಬಾಗಿಲು ತಟ್ಟುವ ಹೊತ್ತಿಗೆ ಕಾಯಿಲೆ ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿರುತ್ತದೆ. 2022ರ ಜಾಗತಿಕ ಅಂದಾಜಿನಂತೆ ಆ ಒಂದು ವರ್ಷ ಪ್ರಪಂಚದಲ್ಲಿ ಸುಮಾರು 25 ಲಕ್ಷ ಜನರಿಗೆ ಈ ಕ್ಯಾನ್ಸರ್ ಬಂತು, 18 ಲಕ್ಷ ಜನ ತೀರಿಕೊಂಡರು. ಭಾರತದಲ್ಲಿ ಹೊಸ ರೋಗಿಗಳ ಸಂಖ್ಯೆ 80 ಸಾವಿರ ದಾಟಿತ್ತು.

ಬೀಡಿ ಸೇದಿದವರಿಗೆ ಇನ್ನೊಂದು ಕಷ್ಟ. ‘ಸೇದ್ಬ್ಯಾಡ ಅಂದ್ರೆ ಕೇಳುದ್ನಾ’ ಎಂಬ ಮಾತು ಹಾಸಿಗೆಯ ಸುತ್ತ ಓಡಾಡುತ್ತದೆ. ಬಂದ ನೆಂಟರೂ ಅದನ್ನೇ ಹೇಳಿ ಎಳನೀರು ಇಟ್ಟು ಹೋಗುತ್ತಾರೆ. ಬೀಡಿ ಮುಟ್ಟದ, ಒಲೆ ಮುಂದೆ ಕೂತೇ ಆಯಸ್ಸು ಸವೆಸಿದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ ಎಂಬುದನ್ನು ಬಿಡಿ. ಬೀಡಿಯಿಂದಲೇ ಬಂದಿದ್ದರೂ ಉಸಿರಿಗೆ ಒದ್ದಾಡುತ್ತಿರುವ ಮನುಷ್ಯನ ಮುಂದೆ ಆ ಲೆಕ್ಕ ತೆಗೆಯುವುದು ಕ್ರೌರ್ಯ. ಬೀಡಿ ಬಿಡಿಸುವ ಮಾತನ್ನು ಅವನ ಮಕ್ಕಳಿಗೆ ಹೇಳೋಣ.

ಗುಣವಾಗದ ಕಾಯಿಲೆಯ ಜತೆ ಬದುಕುವವರ ನೋವು, ಉಬ್ಬಸ, ವಾಂತಿ, ನಿದ್ದೆಗೇಡು, ಭಯ, ಮನೆಯ ಚಿಂತೆ ಇವನ್ನೆಲ್ಲ ಹುಡುಕಿ ಕಡಿಮೆ ಮಾಡುವ ವೈದ್ಯಕ್ಕೆ ಉಪಶಾಮಕ ಆರೈಕೆ ಎನ್ನುತ್ತಾರೆ. ಆಸ್ಪತ್ರೆಯ ಮಾತಿನಲ್ಲಿ ಪ್ಯಾಲಿಯೇಟಿವ್ ಕೇರ್. ಆ ಹೆಸರಿನ ಮೂಲದಲ್ಲಿರುವ ಲ್ಯಾಟಿನ್ ಪದ ‘ಪಾಲಿಯಂ’ಗೆ ಮೈಮೇಲೆ ಹೊದೆಯುವ ಬಟ್ಟೆ ಎಂಬ ಅರ್ಥವಿದೆ. ನಮ್ಮ ಕಡೆಯವರಿಗೆ ಕಂಬಳಿ ಎಂದರೆ ತಟ್ಟನೆ ತಿಳಿದೀತು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ ಇಂಥ ಆರೈಕೆಯ ಮನೆ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ಡಾಕ್ಟರಾದವರು. ಮೈನೋವು, ಮನಸ್ಸಿನ ನೋವು, ಸಂಸಾರದ ನೋವು, ‘ನನಗೇ ಯಾಕೆ’ ಎಂಬ ಆತ್ಮದ ನೋವು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಒಂದನ್ನೇ ಬಿಡಿಸಲು ಬರುವುದಿಲ್ಲ ಎಂದು ಅವರು ರೋಗಿಗಳ ಮಾತು ಕೇಳಿ ಕೇಳಿ ಕಂಡುಕೊಂಡರು.

ನಮ್ಮಲ್ಲಿ ಓದಿದವರೂ ಇದನ್ನು ಸಾಯುವ ಮುಂಚಿನ ವಾರದ ಏರ್ಪಾಡು ಎಂದುಕೊಂಡಿದ್ದಾರೆ. ಈ ತಪ್ಪನ್ನು ತಿದ್ದಿದ್ದು ಶ್ವಾಸಕೋಶದ ಕ್ಯಾನ್ಸರೇ. ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ಜೆನಿಫರ್ ಟೆಮೆಲ್ ಮತ್ತು ಸಂಗಡಿಗರು ಆಗಷ್ಟೇ ಮುಂದುವರಿದ ಹಂತದ ಶ್ವಾಸಕೋಶ ಕ್ಯಾನ್ಸರ್ ಪತ್ತೆಯಾದ 151 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದೇ ಚಿಕಿತ್ಸೆಯ ಜತೆ ಮೊದಲಿನಿಂದಲೇ ಉಪಶಾಮಕ ಆರೈಕೆ. 2010ರಲ್ಲಿ ಫಲಿತಾಂಶ ಪ್ರಕಟವಾದಾಗ ವೈದ್ಯಲೋಕ ಬೆರಗಾಯಿತು. ಆರೈಕೆ ಸಿಕ್ಕವರ ದಿನಗಳು ಹೆಚ್ಚು ನೆಮ್ಮದಿಯಾಗಿದ್ದವು. ಖಿನ್ನತೆಯ ಲಕ್ಷಣ ಇನ್ನೊಂದು ಗುಂಪಿನಲ್ಲಿ ಶೇ 38ರಷ್ಟು ಜನರಲ್ಲಿ ಕಂಡರೆ ಇವರಲ್ಲಿ ಶೇ 16ರಷ್ಟು ಮಾತ್ರ. ಕೊನೆಗಾಲದಲ್ಲಿ ಸುಸ್ತು ಮಾಡುವ ಚಿಕಿತ್ಸೆ ಇವರಿಗೆ ಕಡಿಮೆಯಾಗಿತ್ತು. ಹಾಗಿದ್ದೂ ಇವರು ಬದುಕಿದ ಅವಧಿಯ ಮಧ್ಯಾಂಕ 11.6 ತಿಂಗಳು, ಇನ್ನೊಂದು ಗುಂಪಿನದು 8.9 ತಿಂಗಳು. ನೋವು ತಗ್ಗಿ, ನಿದ್ದೆ ಬಂದು, ಎರಡು ತುತ್ತು ಒಳಗೆ ಹೋದ ದೇಹ ಹೆಚ್ಚು ದಿನ ತಾಳಿರಬಹುದು.

ಆದ್ದರಿಂದ ಇದು ಚಿಕಿತ್ಸೆ ನಿಲ್ಲಿಸಿದ ಮೇಲೆ ಬರುವ ಆರೈಕೆಯಲ್ಲ, ಚಿಕಿತ್ಸೆಯ ಜತೆಜತೆಗೆ ನಡೆಯಬೇಕಾದದ್ದು. ನಾಲ್ಕನೇ ಹಂತ ಎಂದರೆ ಈಗ ಎಲ್ಲರಿಗೂ ಒಂದೇ ಅರ್ಥವೂ ಇಲ್ಲ. ಗಂಟಿನ ಚೂರನ್ನು ಪರೀಕ್ಷೆ ಮಾಡಿ ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ಬದಲಾವಣೆ ಸಿಕ್ಕರೆ ಕಿಮೊ ಬದಲು ದಿನಕ್ಕೊಂದು ಮಾತ್ರೆಯಲ್ಲಿ ಕಾಯಿಲೆ ತಗ್ಗಿ, ವರ್ಷಗಟ್ಟಲೆ ಹೊಲಗದ್ದೆ ನೋಡಿಕೊಂಡು ಇರುವವರಿದ್ದಾರೆ. ‘ಆ ಪರೀಕ್ಷೆ ಮಾಡಿಸಿದ್ದೀರಾ ಸಾರ್’ ಎಂದು ಮನೆಯವರು ಕೇಳಬಹುದು, ಕೇಳಬೇಕು.

ಉಸಿರಿನ ವಿಷಯಕ್ಕೆ ಬರುತ್ತೇನೆ. ಈ ಕಾಯಿಲೆಯಲ್ಲಿ ನೋವಿಗಿಂತ ಹೆಚ್ಚು ಹೆದರಿಸುವುದು ಅದೇ. ಹೆದರಿದಷ್ಟೂ ಉಸಿರು ಮೇಲೆ ಮೇಲೆ ಆಡುತ್ತದೆ, ಹಾಗಾದಷ್ಟೂ ಹೆದರಿಕೆ ಏರುತ್ತದೆ. ದೊಡ್ಡವ್ವ ಯಾರೂ ಹೇಳಿಕೊಡದೆ ಮಾಡುತ್ತಿದ್ದ ಎರಡೂ ಕೆಲಸ ಸರಿಯಾದವೇ ಎಂದು ನಮಗೆ ಆಮೇಲೆ ತಿಳಿಯಿತು. ಮುಂದಕ್ಕೆ ಬಾಗಿ ತೋಳಿಗೆ ಆಧಾರ ಕೊಟ್ಟು ಕೂತರೆ ಎದೆಯ ಸ್ನಾಯುಗಳಿಗೆ ಕೆಲಸ ಹಗುರವಾಗುತ್ತದೆ. ಮೂಗು, ತುಟಿ, ಕೆನ್ನೆಯ ಮೇಲೆ ತಣ್ಣನೆ ಗಾಳಿ ಆಡಿದರೆ ಅಲ್ಲಿನ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸಿ ಉಬ್ಬಸದ ಅನುಭವವನ್ನೇ ತಗ್ಗಿಸುತ್ತವೆ. ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನ್ ಇಟ್ಟುಕೊಂಡು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ದೊಡ್ಡವ್ವನ ಬೀಸಣಿಗೆ ಔಷಧಿಯೇ ಆಗಿತ್ತು. ಆಕ್ಸಿಜನ್ ಸಿಲಿಂಡರ್ ತರಲು ಅಣ್ಣ ಓಡಾಡಿದ್ದು ಮಾತ್ರ ಬೇಡವಾಗಿತ್ತು. ಬೆರಳಿಗೆ ಹಾಕಿ ನೋಡುವ ಯಂತ್ರದಲ್ಲಿ ಆಮ್ಲಜನಕದ ಮಟ್ಟ ಇಳಿದಿದ್ದರೆ ಅದರಿಂದ ಉಪಯೋಗ. ಮಟ್ಟ ಸರಿಯಿದ್ದೂ ಉಬ್ಬಸವಿದ್ದರೆ ಕಿಟಕಿ ತೆರೆದು ಗಾಳಿ ಬಿಡುವುದೂ ಅಷ್ಟೇ ಕೆಲಸ ಮಾಡುತ್ತದೆ.

ಉಬ್ಬಸಕ್ಕೆ ಕಾರಣವನ್ನೂ ಹುಡುಕಬೇಕು. ‘ಎದೇಲಿ ನೀರು ತುಂಬ್ಕಂಡದೆ’ ಎಂದು ಜನ ಹೇಳುವುದು ಶ್ವಾಸಕೋಶದ ಹೊರಪೊರೆಗಳ ನಡುವೆ ಸೇರುವ ನೀರನ್ನು. ಸೂಜಿ ಹಾಕಿ ಒಂದೊಂದೂವರೆ ಲೀಟರ್ ತೆಗೆದರೆ, ರಾತ್ರಿಯೆಲ್ಲ ಕೂತೇ ಇದ್ದವರು ಆ ದಿನವೇ ಮಲಗಿ ನಿದ್ದೆ ಮಾಡಬಲ್ಲರು. ಮತ್ತೆ ಮತ್ತೆ ತುಂಬಿದರೆ ಪೊರೆಗಳನ್ನು ಅಂಟಿಸುವ ಔಷಧಿ ಹಾಕುತ್ತಾರೆ. ನಮ್ಮ ದೊಡ್ಡಪ್ಪನ ಎದೆಯಲ್ಲೂ ಹೀಗೇ ನೀರು ತುಂಬಿತ್ತು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನೋವು ನಿವಾರಣೆ ನೋಡುವ ಡಾಕ್ಟರೊಬ್ಬರ ಬಗ್ಗೆ ಅಣ್ಣನ ಸ್ನೇಹಿತರು ಹೇಳಿದ ಮೇಲೆ, ಬನ್ನೂರು ದಾರಿಯಲ್ಲಿ ಕಾರಿನಲ್ಲಿ ಕರೆದೊಯ್ದೆವು. ಆಕೆ ಮೊದಲ ಕಾಲು ಗಂಟೆ ಸ್ಕ್ಯಾನಿನ ಕವರ್ ಬಿಚ್ಚಲೇ ಇಲ್ಲ. ದೊಡ್ಡಪ್ಪನ ಎದುರು ಸ್ಟೂಲ್ ಎಳೆದುಕೊಂಡು ಕೂತು, ‘ಯಜಮಾನ್ರೇ, ಎಲ್ಲಕ್ಕಿಂತ ಹೆಚ್ಚು ತೊಂದ್ರೆ ಕೊಡ್ತಿರೋದು ಯಾವುದು?’ ಎಂದು ಕೇಳಿದರು. ಏಳು ತಿಂಗಳಲ್ಲಿ ಅವರನ್ನೇ ಕೇಳಿದ ಮೊದಲ ಪ್ರಶ್ನೆ ಅದು. ದೊಡ್ಡಪ್ಪ ತುಂಬ ಹೊತ್ತು ಯೋಚಿಸಿ ಹೇಳಿದರು: ‘ಮನೀಕಳಕ್ಕೆ ಆಗದಿಲ್ಲ ಕಣ್ರವ್ವ.’

ಆ ದಿನ ಎದೆಯ ನೀರು ತೆಗೆದರು. ಕಾಯಿಲೆ ಹರಡಿದ್ದ ಸೊಂಟದ ಮೂಳೆಯ ನೋವಿಗೆ ಮತ್ತು ಉಳಿದ ಉಬ್ಬಸಕ್ಕೆ ಮಾರ್ಫಿನ್ ಬರೆದರು. ಮಾರ್ಫಿನ್ ಎಂದ ಕೂಡಲೇ ಅಣ್ಣನ ಮುಖ ಬಿಳಿಚಿತು. ‘ಅದು ಕೊನೇಲಿ ಕೊಡೋದಲ್ವಾ ಮೇಡಂ? ಅಭ್ಯಾಸ ಆಗ್ಬುಡ್ತದೆ ಅಂತಾರೆ.’

ಈ ಭಯ ಅಣ್ಣನೊಬ್ಬನದಲ್ಲ. ಗಸಗಸೆ ಗಿಡದ ಹಾಲಿನಿಂದ ಬರುವ ಅಫೀಮಿನಲ್ಲಿರುವ ಮದ್ದು ಮಾರ್ಫಿನ್. ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುವ ಪ್ರಪಂಚದ ಕೆಲವೇ ದೇಶಗಳಲ್ಲಿ ನಮ್ಮದೊಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಹೊಲಗಳಲ್ಲಿ ಬೆಳೆದದ್ದು ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಹೋಗಿ, ಹೊರದೇಶಗಳ ರೋಗಿಗಳ ನೋವು ನೀಗಿದೆ. ನಮ್ಮವರಿಗೆ ಸಿಗಲಿಲ್ಲ. 1985ರ ಮಾದಕವಸ್ತು ಕಾಯ್ದೆ ಕನಿಷ್ಠ 10 ವರ್ಷದ ಸೆರೆ ಇಟ್ಟಿತು. ಔಷಧಿಗಾಗಿ ಇಟ್ಟುಕೊಳ್ಳುವ ಆಸ್ಪತ್ರೆಯೂ ಹಲವು ಇಲಾಖೆಗಳಿಂದ ನಾಲ್ಕೈದು ಪರವಾನಗಿ ಪಡೆಯಬೇಕಾಯಿತು, ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಮುಂದಿನ ಹನ್ನೆರಡು ಹದಿಮೂರು ವರ್ಷದಲ್ಲಿ ದೇಶದಲ್ಲಿ ಔಷಧಿಯಾಗಿ ಬಳಸುವ ಮಾರ್ಫಿನ್ ಶೇ 90ಕ್ಕೂ ಹೆಚ್ಚು ಕುಸಿಯಿತು. ಒಂದು ತಲೆಮಾರಿನ ವೈದ್ಯ ವಿದ್ಯಾರ್ಥಿಗಳು ಮಾರ್ಫಿನ್ ಮಾತ್ರೆಯನ್ನು ಕಣ್ಣಲ್ಲಿ ನೋಡದೆ ಡಾಕ್ಟರಾದರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ವರ್ಷಗಟ್ಟಲೆ ಬಾಗಿಲು ಬಾಗಿಲು ಅಲೆದು ವಾದಿಸಿದ ಮೇಲೆ 2014ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು. ಈಗ ಮಾನ್ಯತೆ ಪಡೆದ ಆಸ್ಪತ್ರೆ ಒಂದೇ ಇಲಾಖೆಯ ಒಂದೇ ಅನುಮತಿಯಲ್ಲಿ ಮಾರ್ಫಿನ್ ಇಡಬಹುದು. ಕಾಗದದ ಮೇಲೆ ಬೇಲಿ ತೆರವಾಗಿದೆ. ಮನಸ್ಸುಗಳಲ್ಲಿ ಇನ್ನೂ ಇದೆ.

ಡಾಕ್ಟರಮ್ಮ ಅಣ್ಣನಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಬೇರೆ ಮನೆಗಳಿಗೂ ಬೇಕಾದೀತು. ನೋವಿಗೆ ತಕ್ಕಷ್ಟು, ಡಾಕ್ಟರು ಹೇಳಿದಷ್ಟು ತೆಗೆದುಕೊಂಡರೆ ಮಾರ್ಫಿನ್ ಚಟವಾಗುವುದು ಬಲು ಅಪರೂಪ. ಅದು ಆಯಸ್ಸನ್ನು ಮೊಟಕು ಮಾಡುವುದಿಲ್ಲ. ಕೊನೆಗೆಂದು ಎತ್ತಿಡಬೇಕಾಗಿಲ್ಲ, ನೋವು ಹೆಚ್ಚಿದರೆ ಪ್ರಮಾಣ ಹೆಚ್ಚಿಸಲು ದಾರಿ ಇದೆ. ಮೊದಲ ಎರಡು ಮೂರು ದಿನ ಮಂಪರು, ಹೊಟ್ಟೆ ತೊಳಸು ಇರಬಹುದು, ಆಮೇಲೆ ಹೋಗುತ್ತದೆ. ಹೋಗದೆ ಉಳಿಯುವುದು ಮಲಬದ್ಧತೆ, ಆದ್ದರಿಂದ ಮಾರ್ಫಿನ್ ಜತೆ ಭೇದಿ ಮಾತ್ರೆ ದಿನವೂ ತಪ್ಪಬಾರದು. ಎಲ್ಲಕ್ಕಿಂತ ಮುಖ್ಯ ಹೊತ್ತು. ನೋವು ಬಂದ ಮೇಲೆ ನುಂಗುವುದಲ್ಲ, ಬರುವ ಮೊದಲೇ ನಾಲ್ಕು ಗಂಟೆಗೊಮ್ಮೆ ನುಂಗಬೇಕು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10ಕ್ಕೆ ಎರಡು ಮಾತ್ರೆ ಒಟ್ಟಿಗೆ, ನಡುರಾತ್ರಿ ಎಬ್ಬಿಸದಿರಲಿ ಅಂತ.

ದೊಡ್ಡವ್ವನಿಗೆ ಗಡಿಯಾರ ನೋಡಲು ಬರುವುದಿಲ್ಲ. ಅಲ್ಲಿದ್ದ ನರ್ಸ್ ಒಂದು ಗಳಿಗೆ ಯೋಚಿಸಿ ಕೇಳಿದಳು, ‘ಅವ್ವ, ನೀವು ದಿನಾ ಏನೇನು ಯಾವ ಹೊತ್ತಿಗೆ ಮಾಡ್ತೀರಾ?’ ಹಾಗೆ ಕೂತು ಇಬ್ಬರೂ ಲೆಕ್ಕ ಹಾಕಿದರು. ಡೈರಿಗೆ ಹಾಲು ಹಾಕುವ ಹೊತ್ತಿಗೆ ಒಂದು. ದನ ಹೊರಗೆ ಕಟ್ಟುವ ಹೊತ್ತಿಗೆ ಒಂದು. ಮುದ್ದೆ ಉಂಡ ಮೇಲೆ ಒಂದು. ಸಂಜೆ ಮತ್ತೆ ಡೈರಿ ಹೊತ್ತಿಗೆ ಒಂದು. ಬಾಗಿಲು ಹಾಕುವ ಹೊತ್ತಿಗೆ ಎರಡು. ದೊಡ್ಡವ್ವ ಊರಿಗೆ ಬಂದವರೇ ಅಡುಗೆಮನೆ ಗೋಡೆಯಲ್ಲಿ ಹಾಲಿನ ಲೆಕ್ಕದ ಪಕ್ಕ ಇನ್ನೊಂದು ಸಾಲು ಶುರು ಮಾಡಿದರು. ಒಂದು ಮಾತ್ರೆಗೆ ಒಂದು ಇದ್ದಿಲ ಗೀಟು.

ಮೂರನೇ ದಿನ ದೊಡ್ಡಪ್ಪ ಅಂಗಾತ ಮಲಗಿ ಗೊರಕೆ ಹೊಡೆದರು. ಆ ಗೊರಕೆ ಕೇಳಿ ಮನೆಯವರೆಲ್ಲ ಎದ್ದು ಕೂತೆವು.

ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ವಿಕಿರಣ ಚಿಕಿತ್ಸೆಯೂ ಒಳ್ಳೆಯ ಮದ್ದು. ಹತ್ತಾರು ದಿನ ಓಡಾಡಬೇಕೆಂದು ಹೆದರಿ ಬಹಳ ಜನ ಬೇಡವೆನ್ನುತ್ತಾರೆ. ಬರೀ ನೋವು ತಗ್ಗಿಸಲಿಕ್ಕಾದರೆ 8 ಗ್ರೇ ಪ್ರಮಾಣದ ವಿಕಿರಣವನ್ನು ಒಂದೇ ಸಲ ಕೊಡುವುದು ಹತ್ತು ದಿನ ಕೊಟ್ಟಷ್ಟೇ ಕೆಲಸ ಮಾಡುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ. ದಿನಗೂಲಿ ಬಿಟ್ಟು, ಬಾಡಿಗೆ ಗಾಡಿ ಮಾಡಿ ಬರುವ ಮನೆಗೆ ಒಂದು ದಿನಕ್ಕೂ ಹತ್ತು ದಿನಕ್ಕೂ ಇರುವ ವ್ಯತ್ಯಾಸ ಒಂದು ಹಸುವಿನ ಬೆಲೆಯಷ್ಟಿರಬಹುದು. ಇದನ್ನು ಕೇಳಿ ಪಡೆಯಿರಿ. ಕೆಲವು ಲಕ್ಷಣಗಳಿಗೆ ಮಾತ್ರ ಒಂದು ದಿನವೂ ಕಾಯಬಾರದು: ಬೆನ್ನುನೋವಿನ ಜತೆ ಕಾಲು ಸೋಲುವುದು, ಮೂತ್ರ ಕಟ್ಟುವುದು ಇಲ್ಲವೇ ಹಿಡಿತ ತಪ್ಪುವುದು, ಮುಖ ಮತ್ತು ಕುತ್ತಿಗೆ ಊದಿ ನರಗಳು ಉಬ್ಬುವುದು. ಅಂದೇ ಆಸ್ಪತ್ರೆಗೆ ಹೋದರೆ ಕಾಲು ಉಳಿಯಬಹುದು, ಉಸಿರು ಉಳಿಯಬಹುದು.

ನಮ್ಮ ಜಿಲ್ಲೆಯಲ್ಲಿ ಏನಿದೆ? ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ತನ್ನ ಹೊರಗಿನ ಕೇಂದ್ರಗಳಿಗೆಂದು ಆರಿಸಿಕೊಂಡ ಊರುಗಳಲ್ಲಿ ಮಂಡ್ಯವೂ ಒಂದು. 2006ರಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಮ್ಮ ಬಾಯಲ್ಲಿ ಮಿಮ್ಸ್, ಶುರುವಾಯಿತು. ಕ್ಯಾನ್ಸರ್ ಆರೈಕೆಯನ್ನು ಜಿಲ್ಲೆಗಳಿಗೆ ಒಯ್ಯುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಮಿಮ್ಸ್‌ಗೂ ಒಂದು ಘಟಕ ಮಂಜೂರಾಗಿದೆ. ಬಿಪಿಎಲ್ ಕಾರ್ಡಿನ ಮನೆಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಇಷ್ಟೂ ಕಾಯಿಲೆಯನ್ನು ಹೊಡೆಯುವ ಏರ್ಪಾಡು. ಮನೆಗೆ ಮರಳಿದವರ ಬಾಗಿಲಿಗೆ ಬರುವ ಏರ್ಪಾಡು ಇನ್ನೂ ಬೇರೂರಬೇಕು. ಕಾಗದದಲ್ಲಿ ಅದಕ್ಕೂ ಜಾಗವಿದೆ. 2012ರಿಂದ ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮವಿದೆ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರಗಳು ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆಯ ಜತೆ ಇದರ ಹೆಸರೂ ಇದೆ.

ಒಳ್ಳೆಯ ಮಾದರಿಗಳು ದೂರವೇನಿಲ್ಲ. ಬೆಂಗಳೂರಿನ ಮಾರತ್ತಹಳ್ಳಿಯ ಕರುಣಾಶ್ರಯ 1994ರಲ್ಲಿ ಟ್ರಸ್ಟ್ ಆಗಿ ಹುಟ್ಟಿ, 1999ರಿಂದ ಕ್ಯಾನ್ಸರಿನ ಕೊನೆಯ ಹಂತದವರನ್ನು ಒಂದು ರೂಪಾಯಿಯೂ ಪಡೆಯದೆ ನೋಡಿಕೊಳ್ಳುತ್ತಿದೆ. ಕಿಶೋರ್ ರಾವ್ ಮತ್ತು ಗೆಳೆಯರು ಕಟ್ಟಿದ ಆ ಕಟ್ಟಡದ ನಡುವೆ ನೀರಿನ ಕೊಳವಿದೆ. ಅವರ ತಂಡಗಳು ನಗರದಲ್ಲಿ ಮನೆಮನೆಗೂ ಹೋಗುತ್ತವೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮನೆಗೆ ಹೋಗಿ ನೋಡುವ ಆರೈಕೆ ನಡೆಸಿಕೊಂಡು ಬಂದಿದೆ. ಕೋಯಿಕ್ಕೋಡಿನಲ್ಲಿ 1993ರಲ್ಲಿ ರಾಜಗೋಪಾಲ್ ಮತ್ತು ಸಂಗಡಿಗರು ಒಂದು ಸಣ್ಣ ಕೋಣೆಯಲ್ಲಿ ಶುರು ಮಾಡಿದ ಕೆಲಸವನ್ನು ಊರಿನ ಜನರೇ ಎತ್ತಿಕೊಂಡು, ಮಲಪ್ಪುರದಂಥ ಜಿಲ್ಲೆಗಳಲ್ಲಿ ವಾರ್ಡು ವಾರ್ಡಿಗೂ ಒಯ್ದರು. ತರಬೇತಿ ಪಡೆದ ನೆರೆಹೊರೆಯವರು ರೋಗಿಯ ಮನೆಗೆ ಹೋಗಿ ಗಾಯ ತೊಳೆಯುತ್ತಾರೆ, ಮಾತಾಡಿಸುತ್ತಾರೆ, ಅಕ್ಕಿ ಇದೆಯೋ ಇಲ್ಲವೋ ನೋಡುತ್ತಾರೆ, ಮಕ್ಕಳು ಶಾಲೆ ಬಿಟ್ಟಿದ್ದಾರೋ ವಿಚಾರಿಸುತ್ತಾರೆ. 2008ರಲ್ಲಿ ಕೇರಳ ಸರ್ಕಾರ ಇದನ್ನು ತನ್ನ ನೀತಿಯನ್ನಾಗಿ ಮಾಡಿಕೊಂಡಿತು.

ಮಂಡ್ಯದಲ್ಲಿ ಇದಾಗುವುದಿಲ್ಲ ಎನ್ನುವವರಿಗೆ ಹಾಲಿನ ಡೈರಿ ತೋರಿಸುತ್ತೇನೆ. ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟ ಮನ್‌ಮುಲ್‌ಗೆ ಹಾಲು ಕಳಿಸುವ ಸಂಘ ಇಲ್ಲದ ಹಳ್ಳಿ ನಮ್ಮ ಕಡೆ ಅಪರೂಪ. ದಿನಕ್ಕೆರಡು ಹೊತ್ತು ಊರಿನ ಅರ್ಧ ಮನೆಗಳು ಕ್ಯಾನು ಹಿಡಿದು ಅಲ್ಲಿಗೆ ಬರುತ್ತವೆ. ಯಾರ ಮನೆಯ ಹಸು ಹಾಲು ಕಡಿಮೆ ಮಾಡಿತು ಎಂಬುದು ಅವತ್ತೇ ಗೊತ್ತಾಗುತ್ತದೆ, ಪಶುವೈದ್ಯರಿಗೆ ಫೋನ್ ಹೋಗುತ್ತದೆ. ಯಾರ ಮನೆಯಲ್ಲಿ ಯಾರು ಕೂತೇ ರಾತ್ರಿ ಕಳೆಯುತ್ತಿದ್ದಾರೆ ಎಂಬುದೂ ಅದೇ ಸಾಲಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಆ ಸುದ್ದಿ ಯಾರಿಗೂ ಫೋನ್ ಆಗಿ ಹೋಗುವುದಿಲ್ಲ. ಡೈರಿಯ ಇಬ್ಬರು, ಸ್ತ್ರೀಶಕ್ತಿ ಸಂಘದ ಇಬ್ಬರು, ಊರಿನ ಆಶಾ ಕಾರ್ಯಕರ್ತೆ ಇಷ್ಟು ಜನರಿಗೆ ತರಬೇತಿ, ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಇಡಲು ಅನುಮತಿಯಿರುವ ಒಬ್ಬ ಡಾಕ್ಟರು, ಓಡಾಡಲು ಜೀಪೊಂದರಲ್ಲಿ ಒಬ್ಬ ನರ್ಸ್. ಇದಕ್ಕೆ ದೊಡ್ಡ ಯಂತ್ರ ಬೇಡ, ಎಕರೆಗಟ್ಟಲೆ ಜಾಗ ಬೇಡ. 2023ರಲ್ಲಿ ಅದೇ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಹೆದ್ದಾರಿ ಬೆಂಗಳೂರನ್ನು ಹತ್ತಿರ ಮಾಡಿತು ನಿಜ. ಸಾಯುತ್ತಿರುವವನಿಗೆ ಬೆಂಗಳೂರು ಹತ್ತಿರವಾಗುವುದಕ್ಕಿಂತ ನರ್ಸ್ ಹತ್ತಿರವಾಗುವುದು ಮುಖ್ಯ.

ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಚಿತ್ರೀಕರಿಸಿ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದವರೆಗೆ ಹೋದ ‘ತಿಥಿ’ ಸಿನಿಮಾವನ್ನು ನೋಡಿದವರಿಗೆ ಗೊತ್ತು, ಇಲ್ಲಿ ಸತ್ತ ಮೇಲಿನ ಹನ್ನೊಂದು ದಿನಕ್ಕೆ ಊರಿಗೆ ಊರೇ ಕೈ ಜೋಡಿಸುತ್ತದೆ. ಹಾಲು-ತುಪ್ಪಕ್ಕೆ, ಅಡುಗೆಗೆ, ಶಾಮಿಯಾನಕ್ಕೆ ಸಾಲ ಸಿಗುತ್ತದೆ, ಆಳು ಸಿಗುತ್ತಾರೆ. ಬದುಕಿರುವಾಗಿನ ಕೊನೆಯ ಹನ್ನೊಂದು ವಾರಕ್ಕೆ ಅದರಲ್ಲೊಂದು ಪಾಲು ಸಿಕ್ಕರೂ ಸಾಕಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಇನ್ನೊಂದು ಕಷ್ಟದ ಮಾತಿದೆ. ‘ಅವ್ರಿಗೆ ಹೇಳ್ಬ್ಯಾಡಿ’ ಎಂದು ನಾವೂ ಡಾಕ್ಟರಮ್ಮನಿಗೆ ಮೊದಲೇ ಹೇಳಿದ್ದೆವು. ಆಕೆ ಜಗಳ ಮಾಡಲಿಲ್ಲ, ಒಪ್ಪಲೂ ಇಲ್ಲ. ಎರಡನೇ ಭೇಟಿಯಲ್ಲಿ ದೊಡ್ಡಪ್ಪನನ್ನೇ ಕೇಳಿದರು, ‘ನಿಮಗೆ ಏನಾಗಿದೆ ಅಂತ ನಿಮಗನ್ಸುತ್ತೆ?’ ದೊಡ್ಡಪ್ಪ ಬಾಗಿಲ ಕಡೆ ನೋಡಿ, ಅಣ್ಣ ಹೊರಗಿದ್ದಾನೆಂದು ಖಾತ್ರಿ ಮಾಡಿಕೊಂಡು, ‘ಇದು ಗ್ವತ್ತಾಗದಂಥದ್ದಾ ಅವ್ವ? ಹೈಕ್ಳು ಹೆದ್ರುಕತವೆ ಅಂತ ಸುಮ್ಕಿವ್ನಿ’ ಎಂದರು. ತಂದೆ ಮಕ್ಕಳಿಗಾಗಿ, ಮಕ್ಕಳು ತಂದೆಗಾಗಿ ಅಷ್ಟೂ ದಿನ ನಾಟಕವಾಡಿದ್ದರು. ಗೊತ್ತಾದ ಮೇಲೆ ಅವರು ಕುಸಿಯುತ್ತಾರೆಂದು ನಾವು ಹೆದರಿದ್ದು ವ್ಯರ್ಥ. ಅವರು ಮಾಡಿದ್ದು ಇಷ್ಟು: ಸೊಸೈಟಿ ಸಾಲದ ಚೀಟಿ ತೆಗೆದರು, ಕಬ್ಬಿನ ಬಾಕಿ ಎಷ್ಟು ಬರಬೇಕೆಂದು ಬರೆಸಿದರು, ನಾಲೆ ಪಕ್ಕದ ಅರ್ಧ ಎಕರೆ ಮಗಳ ಹೆಸರಿಗೆ ಮಾಡಿಸಿದರು, ಹದಿನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ತಮ್ಮನನ್ನು ಕರೆಸಿ ಒಂದು ಹೊತ್ತು ಜತೆಯಲ್ಲಿ ಕೂತರು. ನಿಜ ಗೊತ್ತಿಲ್ಲದವನಿಗೆ ಇದೊಂದಕ್ಕೂ ಅವಕಾಶವಿಲ್ಲ. ಅವನು ಹೋದ ಮೇಲೆ ಉಳಿಯುವುದು ಪೌತಿ ಖಾತೆಗೆ ಅಲೆದಾಟ.

ಕೊನೆಗೆ ವೆಂಟಿಲೇಟರ್ ಬೇಡ ಎನ್ನುವ ಹಕ್ಕೂ ಇದರ ಜತೆಗೇ ಬರುತ್ತದೆ. ಗೌರವದಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಹೇಳಿತು. 2023ರಲ್ಲಿ ಅದರ ವಿಧಾನ ಸರಳವಾಯಿತು. ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಗುಣವಾಗುವ ಆಸೆಯಿಲ್ಲದ ರೋಗಿಗೆ ಜೀವರಕ್ಷಕ ಯಂತ್ರಗಳನ್ನು ಮುಂದುವರಿಸಬೇಕೇ ಎಂಬುದನ್ನು ಎರಡು ವೈದ್ಯ ಮಂಡಳಿಗಳು ನೋಡಿ ಹೇಳುತ್ತವೆ. ಇದು ಸೂಜಿ ಚುಚ್ಚಿ ಸಾಯಿಸುವುದಲ್ಲ. ಸಹಜವಾಗಿ ಬರುವ ಸಾವಿಗೆ ಅಡ್ಡ ನಿಲ್ಲದಿರುವುದು, ಬರುವಾಗ ನೋಯದಂತೆ ನೋಡಿಕೊಳ್ಳುವುದು.

ಊಟದ ಮಾತೊಂದು ಉಳಿದಿದೆ. ‘ಕೇಳಿದ್ದು ತಿನ್ನಿಸಿ’ ಎಂದಿದ್ದರಲ್ಲ, ಕೊನೆಯ ವಾರಗಳಲ್ಲಿ ದೊಡ್ಡಪ್ಪ ಏನನ್ನೂ ಕೇಳಲಿಲ್ಲ. ಮುದ್ದೆ ಮುರಿದು ಬಾಯಿಗಿಟ್ಟರೆ ತಲೆ ಆ ಕಡೆ ತಿರುಗಿಸುತ್ತಿದ್ದರು. ದೊಡ್ಡವ್ವ ಅತ್ತರು. ತಿನ್ನದಿರುವುದರಿಂದ ಸಾಯುತ್ತಿದ್ದಾರೆ ಎಂದುಕೊಂಡಿದ್ದರು. ಆ ಹಂತದಲ್ಲಿ ದೇಹ ಊಟವನ್ನು ಬಳಸಿಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ, ಬಲವಂತ ಮಾಡಿದರೆ ನೆತ್ತಿಗೇರುತ್ತದೆ, ಡ್ರಿಪ್ ಹಾಕಿದರೆ ನೀರು ಎದೆಗೇ ಸೇರಬಹುದು ಎಂದು ನರ್ಸ್ ಫೋನಿನಲ್ಲಿ ಬಿಡಿಸಿ ಹೇಳಿದಳು. ‘ಬಾಯಿ ಒದ್ದೆ ಇಡಿ ಅವ್ವ, ಅಷ್ಟು ಸಾಕು.’ ದೊಡ್ಡವ್ವ ಎಳನೀರಿನಲ್ಲಿ ಹತ್ತಿ ಅದ್ದಿ ತುಟಿಗೆ ಒತ್ತುತ್ತಿದ್ದರು. ಒಂದು ಹಳೇ ಕಡುಗೆಂಪು ಟವಲನ್ನು ತಲೆದೆಸೆಯಲ್ಲಿ ಇಟ್ಟುಕೊಂಡಿದ್ದರು, ಕೆಮ್ಮಿನಲ್ಲಿ ರಕ್ತ ಹೆಚ್ಚು ಬಂದರೂ ಅವರ ಕಣ್ಣಿಗೆ ಬೀಳದಿರಲಿ ಎಂದು. ಅದನ್ನೂ ನರ್ಸ್ ಹೇಳಿಕೊಟ್ಟಿದ್ದಳು. ಟವಲಿನ ಅಗತ್ಯ ಬೀಳಲಿಲ್ಲ.

ನಾಲೆಗೆ ನೀರು ಬಿಟ್ಟ ವಾರ, ಬೆಳಗಿನ ಡೈರಿ ಹೊತ್ತಿಗೆ ಮುಂಚೆ, ಮಲಗಿದ್ದಲ್ಲೇ ಹೋದರು.

ಹಾಲು-ತುಪ್ಪ ಬಿಟ್ಟ ಮಾರನೇ ದಿನ ದೊಡ್ಡವ್ವ ನನ್ನನ್ನು ಅಡುಗೆಮನೆಗೆ ಕರೆದರು. ಗೋಡೆಯ ಗೀಟುಗಳನ್ನು ಬೆರಳಿಟ್ಟು ಎಣಿಸಿ, ಸೆರಗಿನ ಗಂಟು ಬಿಚ್ಚಿ, ಉಳಿದ ಮಾತ್ರೆಗಳನ್ನು ಅಂಗೈಗೆ ಹಾಕಿಕೊಂಡರು. ಹನ್ನೊಂದಿದ್ದವು. ‘ಇವುನ್ನ ಮೈಸೂರ್ಗೆ ತಕ್ಕೊಂಡೋಗ್ ಕೊಟ್ಬುಡು ಮಗ’ ಎಂದರು. ‘ಯಾರಾದ್ರೂ ಕೂತ್ಕಂಡೇ ಇರ್ತರೆ.’